ಕಣದಂಚಿನ ಫ್ರಿಜ್ಜು, ಮೇಸ್ತ್ರಿಯ ರಸಮಟ್ಟ

ಜನವರಿಯಲ್ಲಿ ಮಲ್ಲಂದೂರಿನ ಚಳಿಗೆ ಜಗಲಿಯ ಮೇಲಿಟ್ಟ ಹಾಲು ಬೆಳಗಿನವರೆಗೂ ಕೆಡುವುದಿಲ್ಲ. ಅಂಥದೇ ಒಂದು ರಾತ್ರಿ ನಮ್ಮ ಕಣದ ಅಂಚಿನಲ್ಲಿ ನಿಂತಿದ್ದ ಟ್ರೇಲರ್‌ನ ಫ್ರಿಜ್ಜಿನಲ್ಲಿದ್ದ ಹಾಲು ಒಡೆದು ಕೂತಿತ್ತು. ಹೊರಗಿಗಿಂತ ಫ್ರಿಜ್ಜಿನೊಳಗೇ ಸೆಕೆ!

ಟ್ರೇಲರ್ ಎಂದರೆ ಕಾರಿನ ಹಿಂದೆ ಕೊಕ್ಕೆ ಹಾಕಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಕೈಮರ ದಾಟಿ ಮುತ್ತೋಡಿ ಕಾಡಿನ ಕಡೆ ಹೊರಟಿದ್ದ ಬೆಂಗಳೂರಿನ ಪರಿಚಯದ ದಂಪತಿ ದಾರಿಯಲ್ಲಿ ನಮ್ಮಲ್ಲಿ ತಂಗಿದ್ದರು. ಕಣದಲ್ಲಿ ಗಾಡಿ ನಿಲ್ಲಿಸಬಹುದೇ ಎಂದು ಕೇಳಿದರು. ಕೊಯ್ಲಿನ ಕಾಲದಲ್ಲಿ ಕಾಫಿ ಹರವಿದ ಕಣಕ್ಕೆ ಚಪ್ಪಲಿಯನ್ನೇ ಬಿಡುವುದಿಲ್ಲ, ಟೈರಿನ ಮಾತೆಲ್ಲಿ ಬಂತು? ಹಾಗಾಗಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಪಕ್ಕದ ಇಳಿಜಾರಿನಲ್ಲಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ್ದಾಯಿತು. ಎಡವಟ್ಟು ಶುರುವಾದದ್ದು ಅಲ್ಲೇ. ಅದು ಗೊತ್ತಾಗಲು ಮಾತ್ರ ಎರಡು ದಿನ ಹಿಡಿಯಿತು.

ಮೊದಲ ಅನುಮಾನ ಕರೆಂಟಿನ ಮೇಲೆ. ಈ ಜಾತಿಯ ಫ್ರಿಜ್ಜಿಗೆ ಕಂಪ್ರೆಸರ್ ಇಲ್ಲ, ಗುಂಯ್ ಎನ್ನುವ ಸದ್ದೂ ಇಲ್ಲ. ಹಿಂಬದಿಯಲ್ಲಿ ಒಂದು ಹೀಟರ್, ಪಕ್ಕದಲ್ಲೇ ಸಣ್ಣ ಗ್ಯಾಸ್ ಬರ್ನರ್. ಕರೆಂಟಿದ್ದರೆ ಅದು, ಇಲ್ಲದಿದ್ದರೆ ಇದು. ಬಿಸಿ ಕೊಟ್ಟು ತಂಪು ಪಡೆಯುವ ಯಂತ್ರ! ಸಂಜೆ ಪಲ್ಪರ್ ಶುರುವಾದಾಗ ಮೀಟರ್ ಹಿಡಿದು ನೋಡಿದರೆ 160 ವೋಲ್ಟ್. ಮನೆಯ ಫ್ರಿಜ್ಜಾಗಿದ್ದರೆ ಸ್ಟೆಬಿಲೈಜರ್ ಟಕ್ ಎಂದು ಆಫ್ ಆಗಿ ಸುದ್ದಿ ಮುಟ್ಟಿಸುತ್ತಿತ್ತು. ಇದು ಸುಟ್ಟೂ ಹೋಗುವುದಿಲ್ಲ, ದೂರೂ ಹೇಳುವುದಿಲ್ಲ, ಸುಮ್ಮನೆ ಸೋಮಾರಿಯಾಗುತ್ತದೆ. ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, 230 ಇರಬೇಕಾದಲ್ಲಿ 160 ಬಂದರೆ ಶಾಖ ಅರ್ಧದಷ್ಟೂ ಸಿಗದು.

ಗ್ಯಾಸಿಗೆ ತಿರುಗಿಸಿದೆವು. ಜ್ವಾಲೆ ನೀಲಿಯಾಗಿ ನೆಟ್ಟಗೆ ನಿಲ್ಲಬೇಕಿತ್ತು. ಇದು ಹಳದಿಯಾಗಿ ಹೊಯ್ದಾಡುತ್ತಿತ್ತು. ಗ್ಯಾಸ್ ಮುಚ್ಚಿ, ಆರಲು ಬಿಟ್ಟು, ಹೊರಗಿನ ಜಾಲರಿ ಬಿಚ್ಚಿದರೆ ಹೊಗೆ ಕೊಳವೆಯ ಬಾಯಲ್ಲಿ ಕುಂಬಾರ ಹುಳದ ಮಣ್ಣಿನ ಗೂಡು. ಇಡೀ ತೋಟದಲ್ಲಿ ಅದಕ್ಕೆ ಬೇರೆ ಜಾಗವೇ ಸಿಗಲಿಲ್ಲ ನೋಡಿ. ಬರ್ನರಿನಲ್ಲಿ ಜೇಡರ ಬಲೆಯೂ ಇತ್ತು. ಬ್ರಷ್ಷಿನಲ್ಲಿ ಉಜ್ಜಿ ಮತ್ತೆ ಹಚ್ಚಿದಾಗ ಅಚ್ಚ ನೀಲಿ ಜ್ವಾಲೆ ಬಂತು. ಗೆದ್ದೆವೆಂದು ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಬರ್ನರ್ ಕಾಯಿಸುವ ಹಿಂಬದಿಯ ಬಾಯ್ಲರ್ ಮುಟ್ಟಲಾಗದಷ್ಟು ಬಿಸಿ, ಒಳಗೆ ಐಸಿನ ಗೂಡು ಮಾತ್ರ ಬೆಚ್ಚಗೆ.

ಕಾಫಿ ಲೋಟ ಹಿಡಿದು ಬಂದ ಚಿಕ್ಕಪ್ಪ ಗಾಡಿಗೆ ಒಂದು ಸುತ್ತು ಹಾಕಿ, "ಮಟ್ಟ ನೋಡಿದ್ರೇನ್ರೋ?" ಎಂದರು.

ಟ್ರೇಲರಿನ ಗಂಧವೇ ಇಲ್ಲದ ಚಿಕ್ಕಪ್ಪನಿಗೆ ಇದು ಹೊಳೆದದ್ದು ಹಳೆಯ ಬಂಗಲೆಯ ಸೀಮೆಎಣ್ಣೆ ಫ್ರಿಜ್ಜಿನಿಂದ. ತೋಟಗಳಿಗೆ ಕರೆಂಟು ಬರುವ ಮೊದಲು ದೊಡ್ಡ ಬಂಗಲೆಗಳಲ್ಲಿ ಅದು ಇರುತ್ತಿತ್ತು: ಕೆಳಗೆ ಎಣ್ಣೆ ಟ್ಯಾಂಕು, ಬತ್ತಿ, ಹಿಂದೆ ಚಿಮಣಿ. ಬತ್ತಿ ಸಮ ಕತ್ತರಿಸದಿದ್ದರೆ ಕೋಣೆಯೆಲ್ಲ ಮಸಿ. ಟ್ರೇಲರಿನ ಫ್ರಿಜ್ಜು ಅದರ ಮೊಮ್ಮಗ. 1922ರಲ್ಲಿ ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಒಂದೂ ತಿರುಗುವ ಭಾಗವಿಲ್ಲದ ಈ ಯಂತ್ರವನ್ನು ಕಂಡುಹಿಡಿದರು; 1925ರಲ್ಲಿ ಎಲೆಕ್ಟ್ರೋಲಕ್ಸ್ ಅದನ್ನು ಪೇಟೆಗೆ ತಂದಿತು. ಕರೆಂಟಿಲ್ಲದ ಎಷ್ಟೋ ದೇಶಗಳ ಆಸ್ಪತ್ರೆಗಳಲ್ಲಿ ಮಕ್ಕಳ ಲಸಿಕೆ ಕೆಡದಂತೆ ಕಾದದ್ದೂ ಇದೇ ಜಾತಿಯ ಫ್ರಿಜ್ಜು.

ಕೊಳವೆಯೊಳಗೆ ಇರುವುದು ನೀರು, ಅಮೋನಿಯಾ, ಹೈಡ್ರೋಜನ್. ಕಣದ ಭಾಷೆಯಲ್ಲಿ ಹೇಳುತ್ತೇನೆ. ತೊಳೆದು ಹರವಿದ ಪಾರ್ಚ್‌ಮೆಂಟ್ ಕಾಫಿಬೀಜ ಒಣಗಾಳಿಗೆ ಬೇಗ ಆರುತ್ತದೆ, ಮಂಜು ಮುಸುಕಿದ ದಿನ ಆರುವುದೇ ಇಲ್ಲ. ಫ್ರಿಜ್ಜಿನೊಳಗೆ ಒಣಗಾಳಿಯ ಕೆಲಸ ಹೈಡ್ರೋಜನ್ನಿನದು. ಬಾಯ್ಲರಿನ ಶಾಖಕ್ಕೆ ನೀರಿನಿಂದ ಬಿಟ್ಟುಬಂದ ಅಮೋನಿಯಾ ಮೇಲೇರಿ, ಅಲ್ಲಿನ ರೆಕ್ಕೆಗಳಲ್ಲಿ ತಣಿದು ದ್ರವವಾಗಿ, ಹೈಡ್ರೋಜನ್ ತುಂಬಿದ ಕೊಳವೆಗೆ ತೊಟ್ಟಿಕ್ಕುತ್ತದೆ. ಅಲ್ಲಿ ಸರಸರನೆ ಆರಿ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ನಿಮ್ಮ ಹಾಲು ತಣ್ಣಗಾಗುವುದು ಆಗ. ಆಮೇಲೆ ಅಮೋನಿಯಾ ಮತ್ತೆ ನೀರಿನೊಂದಿಗೆ ಬೆರೆತು ಬಾಯ್ಲರಿಗೆ ಇಳಿಯುತ್ತದೆ.

ಈ ಇಳಿಯುವ ಕೆಲಸಕ್ಕೆ ಪಂಪಿಲ್ಲ. ನೀರು ತಗ್ಗಿಗೆ ಹರಿಯುತ್ತದೆ ಎಂಬುದನ್ನೇ ನಂಬಿ ಕೊಳವೆಗಳನ್ನು ಬಾಗಿಸಿದ್ದಾರೆ. ಗಾಡಿ ವಾಲಿದರೆ ದ್ರವ ತಪ್ಪು ತಿರುವಿನಲ್ಲಿ ನಿಂತುಬಿಡುತ್ತದೆ, ಬಾಯ್ಲರ್ ಬರಿದೇ ಕಾಯುತ್ತದೆ. ಬಹುಪಾಲು ಮಾದರಿಗಳು ಅಡ್ಡಕ್ಕೆ ಸುಮಾರು 3 ಡಿಗ್ರಿಗಿಂತ ಹೆಚ್ಚಿನ ವಾಲಿಕೆ ಸಹಿಸುವುದಿಲ್ಲ. ಎರಡು ಮೀಟರ್ ಅಗಲದ ಗಾಡಿಗೆ ಅದು ಬರೀ ಹತ್ತು ಸೆಂಟಿಮೀಟರ್, ಅರ್ಧ ಗೇಣು. ನಮ್ಮ ಕಡೆ ಅರ್ಧ ಗೇಣಿನ ಏರುಪೇರನ್ನು ಇಳಿಜಾರು ಎಂದು ಯಾರೂ ಕರೆಯುವುದಿಲ್ಲ. ಸೈಟು ಸಮತಟ್ಟಾಗಿದೆ ಎಂದೇ ಮಾರುತ್ತಾರೆ. ಓಡುವಾಗ ಗಾಡಿ ಆ ಕಡೆ ಈ ಕಡೆ ತೂಗಾಡುವುದರಿಂದ ತೊಂದರೆ ಕಡಿಮೆ. ಒಂದೇ ಕಡೆ ವಾಲಿ ನಿಂತರೆ ಕೆಟ್ಟಿತು.

ಕೂಲಿಯಾಳುಗಳ ಲೈನ್ ಮನೆಗಳ ರಿಪೇರಿಗೆ ಬಂದಿದ್ದ ಮೇಸ್ತ್ರಿಯಿಂದ ರಸಮಟ್ಟ ಇಸಕೊಂಡು ಐಸಿನ ಗೂಡಿನ ತಳದ ಮೇಲಿಟ್ಟೆವು. ಗುಳ್ಳೆ ಹೋಗಿ ಒಂದು ಮೂಲೆಗೆ ಕಚ್ಚಿಕೊಂಡಿತು. ಎಡಗಾಲಿಯ ಕೆಳಗೆ ಸಿಲ್ವರ್ ಓಕ್ ಹಲಗೆ, ಅದರ ಮೇಲೆ ಇನ್ನೊಂದು. ಗುಳ್ಳೆ ನಡುವಿಗೆ ಬಂದ ಮೇಲೆ ಯಂತ್ರವನ್ನು ಆರಲು ಬಿಟ್ಟು ಮಧ್ಯಾಹ್ನ ಹಚ್ಚಿದೆವು. ಹಳೆಯ ಫ್ರಿಜ್ಜು ಮುನಿಸಿಕೊಂಡಾಗ ನಾಲ್ಕು ಆಳು ಸೇರಿ ಅದನ್ನು ತಲೆಕೆಳಗು ನಿಲ್ಲಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ನೆಟ್ಟಗೆ ಮಾಡುತ್ತಿದ್ದರೆಂದು ಚಿಕ್ಕಪ್ಪ ನೆನಪಿಸಿದರು. ಆ ಉಪಾಯ ಕೆಲವೊಮ್ಮೆ ಫಲಿಸುವುದೂ ಉಂಟು, ಆದರೆ ಟ್ರೇಲರಿನ ಗೋಡೆ ಬಿಚ್ಚುವ ಧೈರ್ಯ ನಮಗಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಐಸಿನ ತಟ್ಟೆಯಲ್ಲಿ ತೆಳ್ಳನೆಯ ಕೆನೆ ಕಟ್ಟಿತ್ತು. ಈ ಫ್ರಿಜ್ಜಿಗೆ ತಣಿಯಲು ಏಳೆಂಟು ಗಂಟೆ ಬೇಕು. ಹಿಂದಿನ ದಿನವೇ ಚಾಲೂ ಮಾಡದೆ, ಹೊರಡುವಾಗ ಬಿಸಿ ಸಾರಿನ ಪಾತ್ರೆ ತುರುಕಿ ತಂಪಾಗಲಿಲ್ಲ ಎಂದರೆ ಅದು ಫ್ರಿಜ್ಜಿನ ತಪ್ಪಲ್ಲ.

ಬ್ಯಾಟರಿಯಲ್ಲಿ ಓಡುವ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜುಗಳ ರಗಳೆ ಬೇರೆ. ಅವು ತುಸು ವಾಲಿದರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಸೋರುವ ವೋಲ್ಟೇಜನ್ನು ಮಾತ್ರ ಸಹಿಸವು. ಬ್ಯಾಟರಿಯಲ್ಲಿ 12.6 ತೋರಿಸಿದರೂ ಸಪೂರ ವೈರಿನ ಕೊನೆಯಲ್ಲಿ ವೋಲ್ಟೇಜ್ ಕುಸಿದಿರುತ್ತದೆ, 10.4ರ ಆಸುಪಾಸಿಗೆ ಇಳಿದರೆ ಹಲವು ಫ್ರಿಜ್ಜುಗಳು ತಾವಾಗಿಯೇ ನಿಲ್ಲುತ್ತವೆ. ಅಳೆಯುವುದಾದರೆ ಬ್ಯಾಟರಿಯ ಬಾಯಲ್ಲಲ್ಲ, ಫ್ರಿಜ್ಜಿನ ಬೆನ್ನಲ್ಲಿ, ಅದು ಓಡುತ್ತಿರುವಾಗ ಅಳೆಯಿರಿ.

ಒಂದು ವಿಷಯದಲ್ಲಿ ಮಾತ್ರ ಸ್ವಂತ ರಿಪೇರಿ ಬೇಡ. ಅಮೋನಿಯಾದ ಮೂಗಿರಿಯುವ ವಾಸನೆ ಬಂದರೆ, ಅಥವಾ ಹಿಂದಿನ ಕೊಳವೆಯ ಮೇಲೆ ಹಳದಿ ಪುಡಿ ಕಂಡರೆ ಕೊಳವೆ ತೂತಾಗಿದೆ ಎಂದರ್ಥ. ಒಳಗಿರುವ ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲ. ಗ್ಯಾಸ್ ಮುಚ್ಚಿ, ಕರೆಂಟು ತೆಗೆದು, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಆ ಹಳದಿ ಪುಡಿ ಕೊಳವೆಗೆ ತುಕ್ಕು ಹಿಡಿಯದಂತೆ ಬೆರೆಸಿದ ಸೋಡಿಯಂ ಕ್ರೋಮೇಟ್, ವಿಷ, ಬರಿಗೈಯಲ್ಲಿ ಮುಟ್ಟಬೇಡಿ.

ದಂಪತಿ ಮರುದಿನ ಮುತ್ತೋಡಿಗೆ ಹೊರಟರು. ಮೇಸ್ತ್ರಿಯ ರಸಮಟ್ಟ ಐಸಿನ ಗೂಡಿನಲ್ಲೇ ಉಳಿದು ಅವರ ಜೊತೆ ಹೋಗಿದೆ. ಅವರು ಇದನ್ನು ಓದುತ್ತಿದ್ದರೆ ದಯವಿಟ್ಟು ಕಳಿಸಿಕೊಡಲಿ. ಲೈನಿನ ಗೋಡೆ ಅರ್ಧಕ್ಕೆ ನಿಂತಿದೆ.