ಟಾರ್ಚ್ ಹಿಡಿದವನೇ ಕಳ್ಳ

ಭಟ್ಕಳ, ಹೊನ್ನಾವರ, ಕುಮಟಾ, ಮೂರೂ ಊರಿನ ಕೇಬಲ್ ಆಪರೇಟರುಗಳು ಹೆದರುವ ಹೊತ್ತು ಒಂದೇ: ಸಂಜೆ ಏಳೂವರೆ. ದುಬೈಯಲ್ಲಿರುವವರಿಂದ ಬೋಟಿಮ್ ಆ್ಯಪಿನ ಕರೆ ಬರುವುದೂ ಆಗಲೇ, ಐಪಿಎಲ್ ಶುರುವಾಗುವುದೂ ಆಗಲೇ. ‘ನೆಟ್ ಸ್ಲೋ’ ಎಂದು ಫೋನಿನ ಮೇಲೆ ಫೋನು. ಆಪರೇಟರ್ ಲ್ಯಾಪ್‌ಟಾಪಿನಲ್ಲಿ ಮೈಕ್ರೋಟಿಕ್ ರೂಟರನ್ನು ನಿಯಂತ್ರಿಸುವ ತಂತ್ರಾಂಶ ವಿನ್‌ಬಾಕ್ಸ್ ತೆರೆದು, ಯಾರಪ್ಪ ಇಷ್ಟು ಎಳೆಯುತ್ತಿರುವುದು ಎಂದು ನೋಡಲು ಅದರೊಳಗಿನ ‘ಟಾರ್ಚ್’ ಒತ್ತುತ್ತಾನೆ. ಸಿಪಿಯು ಬಳಕೆ ಸೀದಾ ಶೇಕಡಾ ನೂರರ ಹತ್ತಿರ ಹಾರುತ್ತದೆ. ತೀರ್ಪು ತಯಾರು: “ರೂಟರಿಗೆ ತಾಕತ್ತು ಸಾಲದು, ದೊಡ್ಡದು ತರಿಸಬೇಕು.”

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಇದೇ.

ಸಣ್ಣ ಊರುಗಳ ಇಂಟರ್‌ನೆಟ್ ಸೇವೆಯವರಿಗೆ ಮೈಕ್ರೋಟಿಕ್ ಹಳೆಯ ನಂಟು. ಲಾಟ್ವಿಯಾದ ರೀಗಾದಲ್ಲಿ 1996ರಲ್ಲಿ ಹುಟ್ಟಿದ ಈ ಕಂಪನಿ, ಕಡಿಮೆ ಬೆಲೆಯ ರೂಟರಿನಿಂದಲೂ ಹೆಚ್ಚು ಕೆಲಸ ತೆಗೆಯಲು ‘ಫಾಸ್ಟ್‌ಪಾತ್’ ಎಂಬ ಒಳದಾರಿ ಮಾಡಿಕೊಟ್ಟಿತು. 2015ರಲ್ಲಿ ಅದರ ಮೇಲೆ ‘ಫಾಸ್ಟ್‌ಟ್ರ್ಯಾಕ್’ ಬಂತು. ಗುರುತು ಸಿಕ್ಕ ಪ್ಯಾಕೆಟ್‌ಗಳು ಫೈರ್‌ವಾಲ್, ಕ್ಯೂ ಎಂದು ಕಂಡಕಂಡಲ್ಲಿ ನಿಲ್ಲದೆ ದಾಟಿಹೋಗುತ್ತವೆ. ಹೊಳೆಗದ್ದೆ ಟೋಲಿನಲ್ಲಿ ಫಾಸ್ಟ್ಯಾಗ್ ಅಂಟಿಸಿಕೊಂಡ ಲಾರಿ ಹೋಗುವ ಹಾಗೆ.

ಈ ಒಳದಾರಿಗೆ ಕಂಪನಿ ಕೆಲವು ಷರತ್ತು ಹಾಕಿದೆ. ಸ್ನಿಫರ್, ಟಾರ್ಚ್, ಟ್ರಾಫಿಕ್ ಜನರೇಟರ್ ಇವು ಯಾವುದೂ ಓಡುತ್ತಿರಬಾರದು ಎಂಬುದು ಅವುಗಳಲ್ಲೊಂದು. ಕೈಪಿಡಿಯಲ್ಲಿ ಕಣ್ಣಿಗೆ ಹೊಡೆಯುವಂತೆ ಬರೆದಿದ್ದಾರೆ. ಟಾರ್ಚ್ ಹೊತ್ತಿಸಿದರೆ ಫಾಸ್ಟ್ಯಾಗ್ ಗೇಟು ಮುಚ್ಚಿದಂತೆ. ಪ್ರತಿ ಲಾರಿಯನ್ನೂ ತಡೆದು, ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ, ಒಳಗಿರುವುದು ಮೀನೋ ಹೆಂಚೋ ಎಂದು ಪುಸ್ತಕದಲ್ಲಿ ಬರೆದುಕೊಂಡು ಬಿಡಬೇಕು. ವಿಳಾಸ, ಪೋರ್ಟ್, ಪ್ರೋಟೋಕಾಲ್ ಎಂದು ಒಂದೊಂದು ಚೌಕಕ್ಕೆ ಟಿಕ್ ಹಾಕಿದ ಹಾಗೆಲ್ಲ ಪುಸ್ತಕದ ಸಾಲು ಹೆಚ್ಚುತ್ತದೆ. ಬರೆದದ್ದನ್ನು ಕ್ಷಣಕ್ಷಣಕ್ಕೂ ಲ್ಯಾಪ್‌ಟಾಪಿಗೆ ಕಳಿಸುವ ಚಾಕರಿಯೂ ಅದೇ ಸಿಪಿಯುದ್ದು. ಒಳದಾರಿಯೇ ಇಲ್ಲದ ರೂಟರಿನಲ್ಲೂ ಈ ಗುಮಾಸ್ತಿಕೆ ಪುಕ್ಕಟೆಯಲ್ಲ. ಇಷ್ಟೆಲ್ಲ ಮಾಡಿಸಿ, ವಾಹನಗಳ ಸಾಲು ನೋಡಿ ‘ರಸ್ತೆ ಕಿರಿದಾಯಿತು’ ಎನ್ನುವವರಿಗೆ ಏನು ಹೇಳುವುದು?

ಇನ್ನೊಂದು ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಸಿಪಿಯು ದಣಿಯುವುದು ಮೆಗಾಬಿಟ್ಟಿಗಿಂತ ಹೆಚ್ಚಾಗಿ ಪ್ಯಾಕೆಟ್ಟಿನ ಎಣಿಕೆಗೆ. ಒಂದು ಗಿಗಾಬಿಟ್ ಲೈನು 1500 ಬೈಟಿನ ದೊಡ್ಡ ಪ್ಯಾಕೆಟ್‌ಗಳಿಂದ ತುಂಬಿದರೆ ಸೆಕೆಂಡಿಗೆ ಸುಮಾರು 81 ಸಾವಿರ ಪ್ಯಾಕೆಟ್. 64 ಬೈಟಿನ ಸಣ್ಣವಾದರೆ 14.88 ಲಕ್ಷ. ಮ್ಯಾಚಿನ ವಿಡಿಯೊ ದೊಡ್ಡ ಲಾರಿ, ದುಬೈ ಮಾತುಕತೆಯ ಧ್ವನಿ ಸ್ಕೂಟರ್ ಹಿಂಡು. ಈ ಹಿಂಡಿನ ಒಂದೊಂದು ನಂಬರ್ ಪ್ಲೇಟನ್ನೂ ಓದುವ ಆಸೆ ಟಾರ್ಚಿಗೆ.

ಬೇರೆ ಬ್ರ್ಯಾಂಡಿನವರು ನಗಬೇಕಿಲ್ಲ. ಸಿಸ್ಕೋ ರೂಟರಿನಲ್ಲಿ ‘ಡೀಬಗ್’ ಕೊಟ್ಟರೆ ಯಂತ್ರವೇ ಕೈಗೆ ಸಿಗದಂತಾಗಬಹುದು ಎಂದು ಆ ಕಂಪನಿಯೇ ಎಚ್ಚರಿಸುತ್ತದೆ.

ಉಳಿದ ನಂಬಿಕೆಗಳಿಗೆ ಒಂದೊಂದು ಸಾಲು ಸಾಕು. ರೂಟರಿನಿಂದಲೇ ಬ್ಯಾಂಡ್‌ವಿಡ್ತ್ ಟೆಸ್ಟ್ ಓಡಿಸಿದರೆ ಅಳೆದದ್ದು ಲೈನನ್ನಲ್ಲ, ರೂಟರಿನ ಸುಸ್ತನ್ನು. ನಾಲ್ಕು ಕೋರಿನ ಸಿಪಿಯು ಶೇಕಡಾ 25 ತೋರಿಸಿದರೆ ಆರಾಮಾಗಿದೆ ಎಂದಲ್ಲ. ಒಂದು ಕೋರು ಪೂರ್ತಿ ಬಸವಳಿದು ಮೂರು ಮಲಗಿರಲೂಬಹುದು. ರೀಸ್ಟಾರ್ಟ್ ಮಾಡಿದಾಗ ಸರಿಹೋಗಿದ್ದು ರೂಟರೇ ಎಂದಲ್ಲ, ತೆರೆದಿಟ್ಟಿದ್ದ ಟಾರ್ಚ್ ಕಿಟಕಿ ಮುಚ್ಚಿದ್ದಷ್ಟೇ ಇರಬಹುದು.

‘ಸಿಪಿಯು ಏರಿತೆಂದರೆ ವೈರಸ್ಸೇ’ ಎನ್ನುವವರೂ ಇದ್ದಾರೆ. 2018ರಲ್ಲಿ ವಿನ್‌ಬಾಕ್ಸಿನ ದೋಷ ಹಿಡಿದು ಕಳ್ಳರು ಲಕ್ಷಕ್ಕೂ ಹೆಚ್ಚು ಮೈಕ್ರೋಟಿಕ್ ರೂಟರ್‌ಗಳಿಗೆ ನುಗ್ಗಿದ್ದು ನಿಜ. ಆದರೆ ಅವರು ಸೇರಿಸಿದ ಕಾಯಿನ್‌ಹೈವ್ ತುಣುಕು ಕ್ರಿಪ್ಟೋ ನಾಣ್ಯ ಅಗೆದದ್ದು ಗ್ರಾಹಕರ ಕಂಪ್ಯೂಟರಿನ ಬ್ರೌಸರಿನಲ್ಲಿ, ರೂಟರಿನ ಸಿಪಿಯುನಲ್ಲಲ್ಲ. ಕಂಪನಿ ದೋಷ ಸರಿಪಡಿಸಿ ಅಪ್‌ಡೇಟ್ ಕೊಟ್ಟದ್ದು ಏಪ್ರಿಲ್‌ನಲ್ಲಿ, ಹಾವಳಿ ಸುದ್ದಿಯಾದದ್ದು ಆಗಸ್ಟ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಅಪ್‌ಡೇಟ್ ಒತ್ತಲು ಬಹಳ ಜನಕ್ಕೆ ಪುರುಸೊತ್ತಿರಲಿಲ್ಲ. ಅದೇ ಜನಕ್ಕೆ ವಾಟ್ಸ್ಆ್ಯಪಿನಲ್ಲಿ ಬಂದ ‘ಸ್ಪೀಡ್ ಬೂಸ್ಟರ್’ ಸ್ಕ್ರಿಪ್ಟನ್ನು ಓದದೆಯೇ ಅಂಟಿಸಲು ಪುರುಸೊತ್ತುಂಟು. ಕಂಪನಿಯ ಕೈಪಿಡಿಗೆ ಇಲ್ಲದ ಬೆಲೆ ಗುರುತಿಲ್ಲದವರ ಫಾರ್ವರ್ಡಿಗೆ. ಪರದೆಯ ಮೇಲೆ ಕೆಂಪು ಅಂಕಿಯೊಂದು ಕಂಡರೆ, ಅದು ಎಲ್ಲಿಂದ ಬಂತು ಎಂದು ಕೇಳುವುದೇ ಅಪಶಕುನ ಎಂಬಂತೆ.

ನೋಡಲೇಬೇಕಿದ್ದರೆ ದಾರಿಯಿದೆ. ಕಿಟಕಿಗಳನ್ನೆಲ್ಲ ಮುಚ್ಚಿ ಒಂದು ನಿಮಿಷ ಸುಮ್ಮನಿದ್ದು ‘ಪ್ರೊಫೈಲ್’ ತೆರೆದರೆ ಸಿಪಿಯುವನ್ನು ತಿನ್ನುತ್ತಿರುವುದು ಯಾವುದೆಂದು ಕಾಣುತ್ತದೆ. ಐದು ನಿಮಿಷಕ್ಕೊಮ್ಮೆ ಇಂಟರ್‌ಫೇಸಿನ ಎಣಿಕೆಯನ್ನು ಮಾತ್ರ ಎತ್ತಿಕೊಳ್ಳುವ ಗ್ರಾಫ್, ಸಂಜೆ ತುಂಬಿದ್ದು ಹೊರಗಿನ ಲೈನೇ ಅಲ್ಲವೇ ಎಂಬುದನ್ನು ಹೇಳುತ್ತದೆ. ಪ್ಯಾಕೆಟ್ಟನ್ನೇ ಬಿಚ್ಚಿ ನೋಡಬೇಕೆಂದರೆ ಸ್ವಿಚ್ಚಿನಲ್ಲಿ ಪೋರ್ಟ್ ಮಿರರ್ ಮಾಡಿ, ಆ ಕೆಲಸವನ್ನು ಬೇರೊಂದು ಕಂಪ್ಯೂಟರಿಗೆ ಒಪ್ಪಿಸಬೇಕು.

ಆದರೂ ಸಾಲ ಮಾಡಿ ದೊಡ್ಡ ರೂಟರ್ ತರಿಸುತ್ತಾರೆ. ಡಬ್ಬಿ ಬಿಚ್ಚಿ, ತಂತಿ ಸಿಕ್ಕಿಸಿ, ಸಂಜೆ ಏಳೂವರೆಗೆ ಕಾಯುತ್ತಾರೆ. ಇದರ ತಾಕತ್ತು ಎಷ್ಟು ನೋಡಿಯೇ ಬಿಡೋಣ ಎಂದು ವಿನ್‌ಬಾಕ್ಸ್ ತೆರೆದು, ಮೊದಲು ಒತ್ತುವುದು ಟಾರ್ಚನ್ನೇ.