ಸೈಕಲ್ ವೇಗ ಮತ್ತು ಗಾಳಿಯ ಸುಂಕ

ದುಬಲಗುಂಡಿಯಿಂದ ಹುಮನಾಬಾದದ ಕಡೆಗೆ ಇಬ್ಬರು ಸೈಕಲ್ ಹೊಡೆಯುತ್ತಿದ್ದಾರೆ ಎನ್ನಿ. ಇಬ್ಬರ ತೂಕವೂ 60 ಕಿಲೋ. ಒಬ್ಬರದು ಗಂಟೆಗೆ 15 ಕಿ.ಮೀ. ವೇಗ, ಇನ್ನೊಬ್ಬರದು 20. ವೇಗದಲ್ಲಿ ಹೆಚ್ಚಿದ್ದು ಮೂರನೇ ಒಂದು ಪಾಲು ಮಾತ್ರ. ಆದರೆ ಮೊದಲಿನವರು ಗಂಟೆಗೆ ಸುಮಾರು 240 ಕಿಲೋಕ್ಯಾಲರಿ ಸುಟ್ಟರೆ, ಎರಡನೆಯವರು ಸುಡುವುದು 450ರ ಆಸುಪಾಸು.

ಇದಕ್ಕೆ ಕಾರಣ ಗಾಳಿ. ಟೈರು ಉರುಳುವಾಗಿನ ತಡೆ ವೇಗ ಏರಿದರೂ ಅಷ್ಟಾಗಿ ಬದಲಾಗದು. ಗಾಳಿಯ ತಡೆಯಾದರೋ ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಎರಡು ಪಟ್ಟು ಬೇಗ ಸೀಳಬೇಕಾದ್ದರಿಂದ ಕಾಲಿನ ಮೇಲೆ ಬೀಳುವ ಹೊರೆ ಎಂಟು ಪಟ್ಟು. ಬೆನ್ನು ನೆಟ್ಟಗಿಟ್ಟು ಕೂರುವ ನಮ್ಮ ಸಾದಾ ಸೈಕಲ್ಲಿನಲ್ಲಿ 15ರ ವೇಗಕ್ಕೇ ಗಾಳಿ ಮತ್ತು ಟೈರಿನ ತಡೆ ಹೆಚ್ಚುಕಡಿಮೆ ಸಮವಾಗುತ್ತವೆ. ಅಲ್ಲಿಂದ ಮುಂದೆ ಗಾಳಿಯದೇ ಮೇಲುಗೈ. ಮೇಲಾಗಿ ಸ್ನಾಯು ಸುಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಕಾಲು ಪಾಲಿನಷ್ಟೂ ಇಲ್ಲ, ಉಳಿದದ್ದೆಲ್ಲ ಮೈಬಿಸಿ. ವಿಜಯಪುರ, ಬಾಗಲಕೋಟೆ ಕಡೆಯ ರೇಸ್ ಸವಾರರು ಮೈ ಬಗ್ಗಿಸಿ, ಒಬ್ಬರ ಹಿಂದೊಬ್ಬರು ಅಂಟಿಕೊಂಡು ಸಾಗುವುದು ಗಾಳಿಯ ಈ ಸುಂಕ ತಪ್ಪಿಸಲೆಂದೇ.

ಆಷಾಢದಲ್ಲಿ ಹುಮನಾಬಾದದಿಂದ ಬಸವಕಲ್ಯಾಣದತ್ತ, ಅಂದರೆ ಪಡುವಣಕ್ಕೆ ಹೊರಟರೆ ಲೆಕ್ಕವೇ ಬೇರೆ. 15ರ ವೇಗಕ್ಕೆ 15ರ ಎದುರುಗಾಳಿ ಸೇರಿದರೆ ಎದೆಗೆ ಬಡಿಯುವುದು 30ರ ಗಾಳಿ. ವೇಗವನ್ನಷ್ಟೇ ನೋಡಿ ಕ್ಯಾಲರಿ ಹೇಳುವ ಮೊಬೈಲ್ ಆ್ಯಪ್‌ಗೆ ಇದು ಕಾಣದು, ತೊಡೆಗೆ ಮಾತ್ರ ಚೆನ್ನಾಗಿ ಗೊತ್ತು. ಏರು ರಸ್ತೆ, ಗಾಳಿ ಇಳಿದ ಟೈರು, ಹಿಂದೆ ಕ್ಯಾರಿಯರ್ ಮೇಲೆ ಕೂತ ಗೆಳೆಯ ಇವೂ ಹಾಗೆಯೇ.

ಇಷ್ಟಿದ್ದರೂ ಹೋಗಬೇಕಾದ ದೂರ ಒಂದೇ ಆಗಿದ್ದರೆ ವೇಗದ ಲಾಭ ಕುಗ್ಗುತ್ತದೆ, ಯಾಕೆಂದರೆ ಬೇಗ ಹೋದವರು ಬೇಗ ಇಳಿಯುತ್ತಾರೆ. 5 ಕಿ.ಮೀ.ಗೆ ನಿಧಾನದವರಿಗೆ 80 ಕಿಲೋಕ್ಯಾಲರಿ, ವೇಗದವರಿಗೆ ಸುಮಾರು 112. ನಡುವಿನ ಅಂತರ 10 ಗ್ರಾಂ ಜೋಳದ ಹಿಟ್ಟಿನಷ್ಟು. ಅದಕ್ಕೇ ತೂಕ ಇಳಿಸಬೇಕೆನ್ನುವವರಿಗೆ ನನ್ನ ಮಾತು: ಅರ್ಧ ಗಂಟೆ ಏದುಸಿರು ಬಿಡುವುದಕ್ಕಿಂತ ಒಂದು ಗಂಟೆ ಹಿತವಾಗಿ ತುಳಿಯಿರಿ, ಸುಡುವ ಕ್ಯಾಲರಿ ತುಸು ಹೆಚ್ಚೇ.

2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆ ಎಂಟನೇ ತರಗತಿಯ ಎಷ್ಟೋ ಹಳ್ಳಿ ಮಕ್ಕಳನ್ನು ಸೈಕಲ್ ಹತ್ತಿಸಿತು. ಬೆಳೆಯುವ ಆ ವಯಸ್ಸಿಗೆ ಕ್ಯಾಲರಿ ಸುಡುವುದಕ್ಕಿಂತ ಉಣ್ಣುವುದು ಮುಖ್ಯ. ನಿಮ್ಮ ಮಗು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದರೆ ಟೈರಿಗೆ ಗಾಳಿ ತುಂಬಿಸಿ ಕೊಡಿ, ಹೊಟ್ಟೆತುಂಬ ಉಣಿಸಿ, ಐದು ನಿಮಿಷ ಮೊದಲೇ ಹೊರಡಿಸಿ.