ಹಿಮರಾಶಿಯ ಸ್ತರಗಳು ಮತ್ತು ಹಿಮಕುಸಿತದ ಮುನ್ಸೂಚನೆ

ಬೇವೂರು, ಹುನಗುಂದ, ಇಳಕಲ್ಲುಗಳ ಬಯಲಿನಲ್ಲಿ ಆಲಿಕಲ್ಲನ್ನಲ್ಲದೆ ಬೇರೆ ಹಿಮವನ್ನು ಕಂಡವರು ವಿರಳ. ಆದರೂ ಹಿಮಕುಸಿತವು ನಮಗೆ ಅನ್ಯವಾದ ಸಂಗತಿಯಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್ ಪ್ರದೇಶದಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯೊಂದರಲ್ಲಿ, ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಹಿಮದಡಿ ಹೂತುಹೋದರು. ಅವರಲ್ಲೊಬ್ಬರಾದ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಫೆಬ್ರವರಿ 8ರಂದು ಜೀವಂತವಾಗಿ ದೊರೆತರೂ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅಸುನೀಗಿದರು. ಇಂತಹ ವಿಪತ್ತನ್ನು ಮುಂಚಿತವಾಗಿ ಅರಿಯುವುದು ಎಷ್ಟರಮಟ್ಟಿಗೆ ಸಾಧ್ಯವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಪರ್ವತದ ಮೇಲಣ ಹಿಮವು ಏಕರೂಪದ ರಾಶಿಯಲ್ಲ. ಒಂದೊಂದು ಹಿಮಪಾತವೂ ಒಂದೊಂದು ಸ್ತರವಾಗಿ ನಿಲ್ಲುತ್ತದೆ. ನೆಲದ ಬಳಿಯ ಹಿಮಕ್ಕೂ ಮೇಲ್ಮೈಗೂ ಉಷ್ಣತೆಯ ಅಂತರ ಹೆಚ್ಚಾದಾಗ, ಒಳಗಿನ ಆವಿ ಮೇಲೇರಿ, ಹಿಮದ ಕಣಗಳು ಸಕ್ಕರೆಯ ಹರಳುಗಳಂತೆ ಬಿಡಿಬಿಡಿಯಾಗುತ್ತವೆ. ಈ ದುರ್ಬಲ ಸ್ತರದ ಮೇಲೆ ಹೊಸ ಹಿಮ ಅಥವಾ ಗಾಳಿ ತಂದೊಟ್ಟಿದ ಹಿಮವು ಹಲಗೆಯಂತೆ ಗಟ್ಟಿಗೊಂಡರೆ, ಒಬ್ಬ ಮನುಷ್ಯನ ಭಾರವೂ ಅದನ್ನು ಜಾರಿಸಲು ಸಾಕಾದೀತು. 30ರಿಂದ 45 ಅಂಶಗಳ ಇಳಿಜಾರುಗಳಲ್ಲಿ ಈ ಅಪಾಯ ಅಧಿಕ.

ಸ್ತರಭೇದದ ಅರಿವು ಪ್ರಾಚೀನವಾದುದು. ಕ್ರಿ. ಪೂ. 218ರಲ್ಲಿ ಹ್ಯಾನಿಬಲನು ಆಲ್ಪ್ಸ್ ಪರ್ವತಗಳನ್ನು ದಾಟಿದಾಗ, ಹಿಂದಿನ ಚಳಿಗಾಲದ ಗಟ್ಟಿ ಹಿಮದ ಮೇಲೆ ಹೊಸ ಹಿಮ ಬಿದ್ದುದರಿಂದ ಸೈನಿಕರು ಕಾಲೂರಲಾರದೆ ಜಾರಿದರೆಂದು ಗ್ರೀಕ್ ಇತಿಹಾಸಕಾರ ಪೊಲಿಬಿಯಸನು ನಿರೂಪಿಸಿದ್ದಾನೆ.

ಇಂದಿನ ವೀಕ್ಷಕರು ಮೊದಲು ಬಹಿರಂಗ ಲಕ್ಷಣಗಳನ್ನು ನೋಡುತ್ತಾರೆ: ಆಸುಪಾಸಿನ ಹೊಸ ಕುಸಿತಗಳು, ಕಾಲಿಟ್ಟಲ್ಲಿ ಹಬ್ಬುವ ಬಿರುಕು, ಅಡಿಯಿಂದ ಕೇಳಿಬರುವ 'ಧೊಪ್ಪ'ನೆಯ ಸದ್ದು, ಥಟ್ಟನೆ ಏರುವ ಉಷ್ಣತೆ. ಬಳಿಕ, ಪುರಾತತ್ತ್ವಜ್ಞರು ಉತ್ಖನನದಲ್ಲಿ ಮಾಡುವಂತೆ, ಗುಂಡಿ ತೋಡಿ ಸ್ತರಗಳನ್ನು ಓದುತ್ತಾರೆ. 30 ಸೆಂಟಿಮೀಟರ್ ಚದರದ ಹಿಮಸ್ತಂಭವನ್ನು ಬೇರ್ಪಡಿಸಿ, ಮೇಲೆ ಸಲಿಕೆಯನ್ನಿಟ್ಟು, ಮಣಿಕಟ್ಟು, ಮೊಣಕೈ, ಭುಜ ಇವುಗಳ ಬಲದಿಂದ ಕ್ರಮವಾಗಿ ಹತ್ತು ಹತ್ತು ಸಲ ತಟ್ಟುತ್ತಾರೆ. ಕೆಲವೇ ತಟ್ಟುಗಳಿಗೆ ಸ್ತರವು ನುಣುಪಾಗಿ ಜಾರಿದರೆ ಆ ಇಳಿಜಾರು ನಂಬಲರ್ಹವಲ್ಲ.

ಆದರೆ ಒಂದು ಗುಂಡಿಯ ಸಾಕ್ಷ್ಯವು ಇಡೀ ಪರ್ವತದ ಸಾಕ್ಷ್ಯವಾಗದು. ಅಲ್ಲದೆ 2016ರಲ್ಲಿ ಠಾಣೆಯ ಮೇಲೆ ಬಿದ್ದುದು ಭಾರಿ ಹಿಮಗೋಡೆಯೆಂದು ಸೇನೆ ತಿಳಿಸಿತು. ಅಂಥದನ್ನು ಸ್ತರಪರೀಕ್ಷೆ ತೋರಿಸಿಕೊಡಲಾರದು. ದೊರೆತ ಆಧಾರ ಎಷ್ಟನ್ನು ಹೇಳುತ್ತದೆಯೋ ಅಷ್ಟನ್ನೇ ನಂಬಬೇಕೆಂಬ ನಿಯಮವನ್ನು ಇತಿಹಾಸದ ವಿದ್ಯಾರ್ಥಿ ಬಲ್ಲನು. ಹಿಮದ ನಡುವೆ ಆ ನಿಯಮವನ್ನು ಮರೆತವನು ತೆರಬೇಕಾದುದು ಪ್ರಾಣವನ್ನು.